ಹಿಂಬರಹ ಕೇಳಿ, ದಿನಾಂಕ ಬರೆಸಿಕೊಳ್ಳಿ: ಆಡಳಿತ ಸುಧಾರಣೆ ಕುರಿತು ಓದುಗರ ಪ್ರಶ್ನೆಗಳು

ಸರ್ಕಾರಿ ಕಚೇರಿಗಳ ಕೆಲಸ ಸುಧಾರಿಸುವುದು ಹೇಗೆ ಎಂಬ ವಿಷಯಕ್ಕೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಅರ್ಜಿದಾರರೂ ಬರೆದಿದ್ದಾರೆ, ಕಚೇರಿಯ ಒಳಗೆ ಕುಳಿತವರೂ ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ನಾಡಕಚೇರಿಗೆ ಅರ್ಜಿ ಕೊಟ್ಟು ಎರಡು ತಿಂಗಳಾಯಿತು. 'ಸರ್ವರ್ ಇಲ್ಲ, ಕಾಗದ ಇಟ್ಟು ಹೋಗಿ, ಆಮೇಲೆ ಏರಿಸ್ತೀವಿ' ಅಂದರು. ತಡ ಮಾಡಿದರೆ ದಿನಕ್ಕೆ 20 ರೂಪಾಯಿ ಕೊಡಬೇಕು ಎಂಬ ಸಕಾಲ ಕಾಯ್ದೆ ಇದೆಯಂತೆ. ಅದು ನನಗೆ ಅನ್ವಯಿಸುವುದಿಲ್ಲವೇ? (ರೈತ ಮಹಿಳೆ, ಶಿರಹಟ್ಟಿ ತಾಲ್ಲೂಕು)

ಉತ್ತರ: ಅನ್ವಯಿಸುತ್ತದೆ. ಆದರೆ ಅರ್ಜಿ ಕಂಪ್ಯೂಟರಿಗೆ ಏರಿ ನಿಮ್ಮ ಕೈಗೆ ಸ್ವೀಕೃತಿ ಬಂದ ದಿನದಿಂದ ಮಾತ್ರ ದಿನದ ಲೆಕ್ಕ ಶುರುವಾಗುತ್ತದೆ. ಆ ಸ್ವೀಕೃತಿಯಲ್ಲಿ 15 ಅಂಕಿಯ ಸಕಾಲ ಸಂಖ್ಯೆಯೂ ಕೆಲಸ ಮುಗಿಯಬೇಕಾದ ಕೊನೆಯ ದಿನಾಂಕವೂ ಇರುತ್ತವೆ. ಅದು ಇಲ್ಲದ ಕಾಗದ ಮೇಜಿನ ಮೇಲೆ ಎರಡು ತಿಂಗಳು ಬಿದ್ದಿದ್ದರೂ ದಾಖಲೆಯ ಪ್ರಕಾರ ತಡವೇ ಆಗಿಲ್ಲ. 'ಇಟ್ಟು ಹೋಗಿ' ಎಂಬ ಮಾತಿನ ಅಪಾಯ ಇದೇ. ಕಾಯ್ದೆಗೆ ಆಗುವ ಅತಿ ದೊಡ್ಡ ಸೋರಿಕೆಯೂ ಇಲ್ಲೇ.

ಈಗ ಮಾಡಬೇಕಾದದ್ದು ಇಷ್ಟು. ಸರ್ವರ್ ನಿಜವಾಗಿ ಇಲ್ಲದಿದ್ದರೆ ಅರ್ಜಿಯ ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಕಚೇರಿಯ ಸೀಲು, ದಿನಾಂಕ, ತೆಗೆದುಕೊಂಡವರ ಸಹಿ ಹಾಕಿಸಿಕೊಳ್ಳಿ. ಹಾಕಿಕೊಡಲು ಒಪ್ಪದಿದ್ದರೆ ಅದೇ ಅರ್ಜಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಗ್ರಾಮ ಒನ್ ಕೇಂದ್ರ ಅಥವಾ ಸೇವಾ ಸಿಂಧು ಮೂಲಕ ಹಾಕಲು ಬರುವ ಸೇವೆಯಾದರೆ ಅಲ್ಲೇ ಹಾಕಿ. ಸಂಖ್ಯೆ ತಕ್ಷಣ ಸಿಗುತ್ತದೆ. ಮೊಬೈಲ್ ನಂಬರ್ ಬರೆಯುವ ಜಾಗದಲ್ಲಿ ನಿಮ್ಮದೇ ನಂಬರ್ ಇದೆಯೇ ಎಂದು ಕಣ್ಣಾರೆ ನೋಡಿ. ಅರ್ಜಿ ತುಂಬಿಕೊಟ್ಟವರು ತಮ್ಮ ನಂಬರ್ ಹಾಕಿಬಿಟ್ಟರೆ ಎಲ್ಲ ಸಂದೇಶವೂ ಅವರಿಗೇ ಹೋಗುತ್ತದೆ. ಪತ್ರ ಸಿದ್ಧವಾದದ್ದೂ ಗೊತ್ತಾಗದೆ ನೀವು ಓಡಾಡುತ್ತಿರುತ್ತೀರಿ.

ಕೊನೆಯ ದಿನಾಂಕ ದಾಟಿದರೆ, ಅಥವಾ ಅರ್ಜಿ ತಿರಸ್ಕೃತವಾದರೆ, 30 ದಿನದೊಳಗೆ ಸಕ್ಷಮ ಅಧಿಕಾರಿಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು. ಅಲ್ಲೂ ನ್ಯಾಯ ಸಿಗದಿದ್ದರೆ ಆ ತೀರ್ಮಾನದಿಂದ ಇನ್ನೊಂದು 30 ದಿನದೊಳಗೆ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ನಿಮ್ಮ ಸೇವೆಗೆ ಇವರು ಯಾರು ಎಂಬುದನ್ನು ಕಚೇರಿಯ ಸಕಾಲ ಫಲಕದಲ್ಲಿ ಬರೆದಿರಬೇಕು. ಫಲಕ ಇಲ್ಲದಿದ್ದರೆ ಅದನ್ನೂ ಮೇಲ್ಮನವಿಯಲ್ಲಿ ಒಂದು ಸಾಲು ಬರೆಯಿರಿ.

20 ರೂಪಾಯಿ ಪರಿಹಾರದ ಗರಿಷ್ಠ ಮಿತಿ 500. ಅಂದರೆ 25 ದಿನ ತಡವಾದ ಮೇಲೆ ಅಧಿಕಾರಿಗೆ ಇನ್ನಷ್ಟು ತಡ ಮಾಡಿದರೂ ಹೊರೆ ಹೆಚ್ಚುವುದಿಲ್ಲ. 2011ರಲ್ಲಿ ಗೊತ್ತುಮಾಡಿದ ಈ ಮೊತ್ತ ಇಂದು ತೀರಾ ಸಣ್ಣದು, ಏರಿಸಲೇಬೇಕು ಎಂಬುದು ನಮ್ಮ ಅಭಿಪ್ರಾಯ. ಹಾಗಿದ್ದರೂ ಕೇಳುವುದನ್ನು ಬಿಡಬೇಡಿ. ಆ ಹಣ ತಪ್ಪಿತಸ್ಥ ಅಧಿಕಾರಿಯಿಂದ ವಸೂಲಾಗಬೇಕಾದದ್ದು. ಯಾರ ಹೆಸರಿನಲ್ಲಿ ಎಷ್ಟು ಸಲ ತಪ್ಪಾಯಿತು ಎಂಬ ದಾಖಲೆ ಅದರಿಂದ ಹುಟ್ಟುತ್ತದೆ, ಶಿಸ್ತುಕ್ರಮಕ್ಕೆ ಅದೇ ಆಧಾರ.

ಕೆಲವು ಕಚೇರಿಗಳು ಹೂಡುವ ಇನ್ನೊಂದು ಉಪಾಯ ತಿಳಿದಿರಲಿ. ಗಡುವಿನ ಹಿಂದಿನ ದಿನ 'ದಾಖಲೆ ಅಪೂರ್ಣ' ಎಂದು ತಿರಸ್ಕರಿಸಿದರೆ ಆ ಅರ್ಜಿ ಅವಧಿಯೊಳಗೆ ವಿಲೇವಾರಿಯಾದ ಲೆಕ್ಕಕ್ಕೆ ಸೇರುತ್ತದೆ. ಆಗ 'ಹೊಸ ಅರ್ಜಿ ಹಾಕಿ' ಎಂಬ ಸಲಹೆ ಬರುತ್ತದೆ. ಹಾಗೆ ಮಾಡಿದರೆ ಹಳೆಯ ತಡವೆಲ್ಲ ಅಳಿಸಿಹೋಗಿ ಎಣಿಕೆ ಮತ್ತೆ ಒಂದರಿಂದ ಶುರು. ಯಾವ ದಾಖಲೆ ಕಡಿಮೆ, ಯಾವ ನಿಯಮದಡಿ ಅದು ಬೇಕು ಎಂಬ ಹಿಂಬರಹವನ್ನು (ಕಚೇರಿಯ ಲಿಖಿತ ಉತ್ತರ) ಮೊದಲು ಕೇಳಿ ಪಡೆಯಿರಿ. ಕಾರಣ ಬರೆಯದೆ ತಿರಸ್ಕರಿಸಲು ಕಾಯ್ದೆ ಬಿಡುವುದಿಲ್ಲ. ಕಾರಣ ಸರಿಯಿಲ್ಲವೆನಿಸಿದರೆ ಹಳೆಯ ಸಂಖ್ಯೆಯ ಮೇಲೆಯೇ ಮೇಲ್ಮನವಿ ಹಾಕಿ.

ಪ್ರಶ್ನೆ: ನಾನು ದ್ವಿತೀಯ ದರ್ಜೆ ಸಹಾಯಕ. ಮೂರು ಹುದ್ದೆಯ ಕೆಲಸ ಒಬ್ಬನೇ ಮಾಡುತ್ತೇನೆ. ಇ-ಆಫೀಸ್ ಬಂದ ಮೇಲೂ ಕಡತಗಳು ತಿಂಗಳುಗಟ್ಟಲೆ ಓಡಾಡುತ್ತವೆ. ಬೈಗುಳ ಮಾತ್ರ ಕೆಳಗಿನವರಿಗೆ. ತಪ್ಪು ಎಲ್ಲಿದೆ? (ಹೆಸರು ಬೇಡ ಎಂದವರು)

ಉತ್ತರ: ನಿಮ್ಮ ದೂರು ನ್ಯಾಯವಾದದ್ದು. ಕಾಗದದ ಕಡತವನ್ನು ಸ್ಕ್ಯಾನ್ ಮಾಡಿ ಪರದೆಗೆ ತಂದರೂ ಮೆಟ್ಟಿಲುಗಳು ಹಾಗೇ ಉಳಿದಿವೆ. ಸಚಿವಾಲಯದಲ್ಲಿ ಒಂದು ಕಡತ ವಿಷಯ ನಿರ್ವಾಹಕರಿಂದ ಶಾಖಾಧಿಕಾರಿಗೆ, ಅಲ್ಲಿಂದ ಅಧೀನ ಕಾರ್ಯದರ್ಶಿ, ಉಪ ಕಾರ್ಯದರ್ಶಿ, ಕಾರ್ಯದರ್ಶಿ, ಕೆಲವೊಮ್ಮೆ ಸಚಿವರವರೆಗೆ ಏರಿ ಅದೇ ದಾರಿಯಲ್ಲಿ ಇಳಿಯಬೇಕು. ನಡುವೆ ಆರ್ಥಿಕ ಇಲಾಖೆಯ ಸಹಮತಿ ಬೇಕೆಂದರೆ ಅಲ್ಲಿಯೂ ಅಂಥದ್ದೇ ಇನ್ನೊಂದು ಏಣಿ ಹತ್ತಬೇಕು. ಕಾನೂನು ಇಲಾಖೆಯ ಅಭಿಪ್ರಾಯವೆಂದರೆ ಮೂರನೆಯದು. ಮಧ್ಯದ ಹಂತಗಳಲ್ಲಿ ಹಲವರು ಹೊಸದಾಗಿ ಏನನ್ನೂ ಸೇರಿಸುವುದಿಲ್ಲ. 'ಮೇಲಿನ ಟಿಪ್ಪಣಿಯಂತೆ' ಎಂದು ಸಹಿ ಹಾಕುತ್ತಾರೆ, ಇಲ್ಲವೇ 'ಚರ್ಚಿಸಿ' ಎಂದು ಬರೆದು ಕೆಳಗಿಳಿಸುತ್ತಾರೆ. ಚರ್ಚೆ ಯಾವಾಗ ನಡೆಯಿತು, ಏನು ತೀರ್ಮಾನವಾಯಿತು ಎಂಬುದು ಎಷ್ಟೋ ಸಲ ಕಡತಕ್ಕೆ ಬರುವುದೇ ಇಲ್ಲ.

ಕೇಂದ್ರ ಸರ್ಕಾರ 2021ರಲ್ಲಿ ತನ್ನ ಸಚಿವಾಲಯಗಳಿಗೆ ಒಂದು ಸರಳ ಸೂಚನೆ ಕೊಟ್ಟಿತು: ಯಾವುದೇ ಕಡತ ನಾಲ್ಕಕ್ಕಿಂತ ಹೆಚ್ಚು ಹಂತ ಹತ್ತಬಾರದು. ಜೊತೆಗೆ ಅಧಿಕಾರ ಪ್ರತ್ಯಾಯೋಜನೆ, ಅಂದರೆ ಸಣ್ಣ ವಿಷಯಗಳಿಗೆ ಕೆಳಗಿನ ಅಧಿಕಾರಿಯೇ ಅಂತಿಮ ಸಹಿ ಹಾಕುವ ವ್ಯವಸ್ಥೆ. ಈ ಎರಡೂ ಒಟ್ಟಿಗೇ ಬರಬೇಕು. ಹಂತ ಕಡಿಮೆ ಮಾಡಿ ಅಧಿಕಾರ ಕೊಡದಿದ್ದರೆ ಎಲ್ಲ ಕಡತವೂ ತುದಿಯಲ್ಲಿರುವ ಒಬ್ಬರ ಮುಂದೆ ಗುಡ್ಡೆ ಬೀಳುತ್ತದೆ.

ನಿಮ್ಮ ಕೈಯಲ್ಲಿರುವುದನ್ನೂ ಹೇಳುತ್ತೇವೆ. ಟಿಪ್ಪಣಿಯ ಮೊದಲ ಪ್ಯಾರಾದಲ್ಲೇ ಯಾವ ತೀರ್ಮಾನ ಬೇಕು, ಯಾವ ನಿಯಮದಡಿ, ಅದನ್ನು ಕೊಡುವ ಅಧಿಕಾರ ಯಾರಿಗಿದೆ ಎಂದು ಬರೆಯಿರಿ. ಚರಿತ್ರೆ ಆಮೇಲೆ ಬರಲಿ. ಆಕ್ಷೇಪಣೆ ಎತ್ತುವಾಗ ಇರುವ ಎಲ್ಲವನ್ನೂ ಒಂದೇ ಪತ್ರದಲ್ಲಿ ಎತ್ತಿ. ಇವತ್ತು ಒಂದು ದಾಖಲೆ, ಹದಿನೈದು ದಿನ ಬಿಟ್ಟು ಮತ್ತೊಂದು ಎಂದು ಕೇಳುವ ರೂಢಿಯೇ ತಾಲ್ಲೂಕು ಕಚೇರಿಗಳಲ್ಲಿ ಅತಿ ಹೆಚ್ಚು ದಿನ ತಿನ್ನುವುದು. 'ಚರ್ಚಿಸಿದೆ' ಎಂದರೆ ಆ ದಿನವೇ ಚರ್ಚೆಯ ಸಾರವನ್ನು ದಿನಾಂಕದೊಡನೆ ದಾಖಲಿಸಿ ಮೇಲಕ್ಕೆ ಕಳಿಸಿ. ಸರ್ವರ್ ಕೈಕೊಟ್ಟ ದಿನಗಳಿಗೆ ಒಂದು ರಿಜಿಸ್ಟರ್ ಇಟ್ಟು ಮೇಲಧಿಕಾರಿಯ ಸಹಿ ಪಡೆಯಿರಿ. ಸಕಾಲದ ವಿಳಂಬಕ್ಕೆ ವಿವರಣೆ ಕೊಡಬೇಕಾದಾಗ ಅದು ನಿಮ್ಮನ್ನು ಕಾಯುತ್ತದೆ. ಹೆಚ್ಚುವರಿ ಪ್ರಭಾರವನ್ನು ಬಾಯಿಮಾತಿನಲ್ಲಿ ವಹಿಸಿಕೊಳ್ಳಬೇಡಿ, ಜ್ಞಾಪನ (ಲಿಖಿತ ಆದೇಶ) ಕೇಳಿ.

ಪ್ರಶ್ನೆ: ಕರ್ನಾಟಕದ 'ಭೂಮಿ' ಯೋಜನೆಯನ್ನು ದೇಶವೇ ಹೊಗಳಿತು. ಆದರೂ ಜಮೀನಿನ ಕೆಲಸ ಸುಲಭವಾಗಲಿಲ್ಲವಲ್ಲ? (ಕಾಲೇಜು ಉಪನ್ಯಾಸಕ, ಹಾವೇರಿ)

ಉತ್ತರ: ಎರಡೂ ನಿಜ. ಭೂಮಿ ಏನನ್ನು ಬದಲಿಸಿತು, ಏನನ್ನು ಮುಟ್ಟಲಿಲ್ಲ ಎಂದು ಬಿಡಿಸಿ ನೋಡಿದರೆ ಸುಧಾರಣೆ ಕೆಲಸ ಮಾಡುವ ಬಗೆ ತಿಳಿಯುತ್ತದೆ.

2000ದ ಆಸುಪಾಸಿನವರೆಗೆ ಪಹಣಿ ಗ್ರಾಮ ಲೆಕ್ಕಿಗರ ಕೈಬರಹದಲ್ಲಿತ್ತು, ಅವರ ಬಳಿಯೇ ಇರುತ್ತಿತ್ತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ ತಾಲ್ಲೂಕು ಕಚೇರಿಯ ಕಿಯೋಸ್ಕಿನಲ್ಲಿ 15 ರೂಪಾಯಿಗೆ ಕೊಡತೊಡಗಿದರು. ಕಂಪ್ಯೂಟರ್ ತಂದದ್ದಕ್ಕಿಂತ ದೊಡ್ಡವು ಮೂರು ತೀರ್ಮಾನಗಳು. ಕೈಬರಹದ ಪಹಣಿಯನ್ನು ಅಮಾನ್ಯ ಮಾಡಿದ್ದು ಮೊದಲನೆಯದು. ಹಳೆಯ ದಾರಿ ತೆರೆದಿಟ್ಟು ಹೊಸದನ್ನು ತಂದಿದ್ದರೆ ಜನರನ್ನು ಹಳೆಯದರ ಕಡೆಗೇ ತಳ್ಳುತ್ತಿದ್ದರು. ಎರಡನೆಯದು ಸರದಿ: ಮ್ಯುಟೇಷನ್ (ಪಹಣಿಯಲ್ಲಿ ಮಾಲೀಕರ ಹೆಸರು ಬದಲಿಸುವ) ಅರ್ಜಿಗಳು ಬಂದ ಕ್ರಮದಲ್ಲೇ ವಿಲೇವಾರಿಯಾಗಬೇಕು, ಹಿಂದಿನದನ್ನು ಬಿಟ್ಟು ಮುಂದಿನದಕ್ಕೆ ಹಾರಲು ತಂತ್ರಾಂಶ ಬಿಡದು. ಯಾರ ಅರ್ಜಿ ಮೊದಲು ಎತ್ತಿಕೊಳ್ಳಬೇಕು ಎಂಬ ಆಯ್ಕೆಯೇ ಲಂಚದ ಮೂಲವಾಗಿತ್ತು, ಆ ಆಯ್ಕೆಯನ್ನೇ ಕಿತ್ತುಹಾಕಿದರು. ಮೂರನೆಯದು ಬೆರಳಚ್ಚಿನ ಲಾಗಿನ್: ಯಾರು ತಿದ್ದಿದರು ಎಂಬುದು ಅಳಿಸಲಾಗದಂತೆ ಉಳಿಯುತ್ತದೆ.

ಮುಟ್ಟದೇ ಉಳಿದದ್ದು ನೆಲದ ಮೇಲಿನ ಅಳತೆ. ಕಂಪ್ಯೂಟರಿಗೆ ಏರಿದ್ದು ಹಳೆಯ ಪಹಣಿಯಲ್ಲಿದ್ದ ತಪ್ಪುಗಳ ಸಮೇತ. ಪಹಣಿಯಲ್ಲಿ 4 ಎಕರೆ, ಸರ್ವೆ ಇಲಾಖೆಯ ವಿಸ್ತೀರ್ಣ ದಾಖಲೆಯಾದ ಆಕಾರಬಂದ್‌ನಲ್ಲಿ 3 ಎಕರೆ 30 ಗುಂಟೆ ಇದ್ದರೆ ಮ್ಯುಟೇಷನ್ ಮುಂದೆ ಹೋಗುವುದಿಲ್ಲ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು ಪೋಡಿ (ಅಳತೆ ಮಾಡಿ ಪಾಲುಗಳನ್ನು ಬೇರ್ಪಡಿಸುವುದು) ಆಗದ ಬಹುಮಾಲೀಕತ್ವದ ಪಹಣಿಗಳು ಊರೂರಲ್ಲಿವೆ. ಸರ್ವೆ ನಂಬರಿನ ಒಂದು ಭಾಗ ಮಾರಬೇಕಾದರೆ ಮೊದಲು ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕು, ಅದಕ್ಕೆ ಭೂಮಾಪಕರು ಬರಬೇಕು, ಅಲ್ಲಿ ಮತ್ತೆ ಸಾಲು. ಹಾಗಾಗಿ ಲಂಚ ಕಿಟಕಿಯಿಂದ ಹೊಲಕ್ಕೆ ಸರಿಯಿತು. ಭೂಮಾಪಕರ ಸಂಖ್ಯೆ, ಉಪಕರಣ, ಸರದಿಯ ಶಿಸ್ತು ಮೂರನ್ನೂ ಅಲ್ಲಿಗೂ ಒಯ್ಯುವವರೆಗೆ ಭೂಮಿಯ ಅರ್ಧ ಕೆಲಸ ಬಾಕಿ ಇರುತ್ತದೆ.

ಜಮೀನು ಕೊಳ್ಳುವ ಓದುಗರಿಗೆ ಒಂದು ಮಾತು: ಪಹಣಿಯನ್ನಷ್ಟೇ ನೋಡಿ ಮುಂಗಡ ಕೊಡಬೇಡಿ. ಆಕಾರಬಂದ್, ಸರ್ವೆ ಟಿಪ್ಪಣಿ, ಮ್ಯುಟೇಷನ್ ರಿಜಿಸ್ಟರಿನ ಪ್ರತಿ ಮೂರನ್ನೂ ಪಕ್ಕಪಕ್ಕ ಇಟ್ಟು ವಿಸ್ತೀರ್ಣ ತಾಳೆ ನೋಡಿ.

ಪ್ರಶ್ನೆ: ಒಳ್ಳೆಯ ಅಧಿಕಾರಿ ಬಂದರೆ ಆರು ತಿಂಗಳಲ್ಲಿ ಎತ್ತಂಗಡಿ. ವರ್ಗಾವಣೆಗೆ ಕಾನೂನು ಇಲ್ಲವೇ? (ಗ್ರಾಮ ಪಂಚಾಯಿತಿ ಸದಸ್ಯೆ, ಹೊಸದುರ್ಗ)

ಉತ್ತರ: ಇದೆ, ಆದರೆ ಎಲ್ಲರಿಗೂ ಒಂದೇ ಬಲದ್ದಲ್ಲ.

ಐಎಎಸ್ ಅಧಿಕಾರಿಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2013ರ ಅಕ್ಟೋಬರ್ 31ರಂದು ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಮೂರು ಮಾತು ಹೇಳಿತು: ನಾಗರಿಕ ಸೇವಾ ಮಂಡಳಿ ಇರಬೇಕು, ಹುದ್ದೆಯಲ್ಲಿ ಕನಿಷ್ಠ ಅವಧಿ ಇರಬೇಕು, ಬಾಯಿಮಾತಿನ ಆದೇಶವನ್ನು ಬರಹಕ್ಕೆ ಇಳಿಸಬೇಕು. ಮರುವರ್ಷ ಜನವರಿಯಲ್ಲಿ ಕೇಡರ್ ನಿಯಮ ತಿದ್ದುಪಡಿಯಾಗಿ ಎರಡು ವರ್ಷದ ಕನಿಷ್ಠ ಅವಧಿ ಬಂತು. ಅವಧಿಗೆ ಮುನ್ನ ವರ್ಗಾಯಿಸಲು ಮಂಡಳಿಯ ಶಿಫಾರಸು ಬೇಕು. ತೊಂದರೆ ಏನೆಂದರೆ ಮಂಡಳಿಯಲ್ಲಿ ಕೂರುವವರು ಸರ್ಕಾರದ ಅಧೀನದಲ್ಲೇ ಇರುವ ಹಿರಿಯ ಅಧಿಕಾರಿಗಳು, ಅದರ ಮಾತು ಸಲಹೆಯ ಮಟ್ಟದ್ದು. ಮಂಡಳಿಯ ಟಿಪ್ಪಣಿಗಳು ತಾನಾಗಿ ಪ್ರಕಟವಾಗುವಂತಿದ್ದರೆ ಮಾತ್ರ ಅದಕ್ಕೆ ಹಲ್ಲು ಬರುತ್ತದೆ.

ರಾಜ್ಯ ನೌಕರರಿಗೆ ಸಾಮಾನ್ಯವಾಗಿ ಮಾರ್ಗಸೂಚಿಗಳಿವೆ, ಮಾರ್ಗಸೂಚಿ ಎಂದರೆ ಆದೇಶದಿಂದ ಸಡಿಲಿಸಬಹುದಾದದ್ದು. ಅವಧಿಪೂರ್ವ ವರ್ಗಾವಣೆ ಬಂದಾಗ ನೌಕರ ಕರ್ನಾಟಕ ಆಡಳಿತ ನ್ಯಾಯಮಂಡಳಿಗೆ (ಕೆಎಟಿ) ಹೋಗಿ ತಡೆಯಾಜ್ಞೆ ತರುತ್ತಾರೆ, ಹೊಸಬರು ಅಷ್ಟರಲ್ಲಿ ಪ್ರಭಾರ ವಹಿಸಿಕೊಂಡಿರುತ್ತಾರೆ. ಒಂದು ಕುರ್ಚಿಗೆ ಇಬ್ಬರು, ಸಹಿ ಯಾರದು ಎಂಬ ಗೊಂದಲದಲ್ಲಿ ಕಚೇರಿಯೇ ನಿಲ್ಲುತ್ತದೆ. ಇನ್ನೊಂದು ಕಡೆ ಕೆಲವರು 'ಸ್ಥಳ ನಿರೀಕ್ಷಣೆ'ಯಲ್ಲಿ, ಅಂದರೆ ಹುದ್ದೆಗೆ ಕಾಯುತ್ತ, ಸಂಬಳ ಪಡೆಯುತ್ತ ಕೆಲಸವಿಲ್ಲದೆ ಕೂತಿರುತ್ತಾರೆ.

ಇದಕ್ಕೆ ಮದ್ದು ನಮ್ಮಲ್ಲೇ ಇದೆ. ಶಿಕ್ಷಕರ ವರ್ಗಾವಣೆಯನ್ನು 2007ರಲ್ಲಿ ಕಾಯ್ದೆಗೆ ಒಳಪಡಿಸಿದರು, 2020ರಲ್ಲಿ ಹೊಸ ಕಾಯ್ದೆ ಬಂತು. ವೈದ್ಯರಿಗೆ 2011ರಲ್ಲಿ ಬಂತು. ಖಾಲಿ ಹುದ್ದೆಗಳ ಪಟ್ಟಿ ಮೊದಲೇ ಪ್ರಕಟ, ಆದ್ಯತಾ ಪಟ್ಟಿ ಪ್ರಕಟ, ಆಕ್ಷೇಪಣೆಗೆ ಸಮಯ, ಆಮೇಲೆ ಕೌನ್ಸೆಲಿಂಗಿನಲ್ಲಿ ಸರದಿಯಂತೆ ಸ್ಥಳ ಆಯ್ಕೆ. ನಗರದ ಶಾಲೆಯಲ್ಲಿ ಬಹುಕಾಲ ಇದ್ದವರು ಹೊರಗೆ ಹೋಗಬೇಕಾಗುತ್ತದೆ, ದೂರದಲ್ಲಿ ದುಡಿದವರಿಗೆ ಹತ್ತಿರ ಬರಲು ಅವಕಾಶ ಸಿಗುತ್ತದೆ. ಇದರಲ್ಲೂ ತೂತಿಲ್ಲವೆಂದಲ್ಲ: ನಿಯೋಜನೆ, ಒಒಡಿ (ಅನ್ಯ ಕರ್ತವ್ಯ) ಹೆಸರಿನಲ್ಲಿ ಬೇರೆಡೆ ಕೂರುವುದು ಹಳೆಯ ಹಿಂಬಾಗಿಲು. ಆದರೂ ಶಿಫಾರಸು ಪತ್ರ ಹಿಡಿದು ಬೆಂಗಳೂರಿಗೆ ಓಡುವುದಕ್ಕಿಂತ ಸಾವಿರ ಪಾಲು ಮೇಲು. ಪಿಡಿಒ, ಇಂಜಿನಿಯರ್, ಉಪನೋಂದಣಾಧಿಕಾರಿ, ಕಂದಾಯ ನಿರೀಕ್ಷಕರವರೆಗೆ ಎಲ್ಲ ಕೇಡರಿಗೂ ಇದೇ ಕ್ರಮವನ್ನು ಕಾಯ್ದೆಯ ಬಲದಲ್ಲಿ ತರಬೇಕು. ಹಣ ಕೊಟ್ಟು ಸ್ಥಳ ಪಡೆದವರು ಆ ಹಣವನ್ನು ಅರ್ಜಿದಾರರಿಂದಲೇ ತೆಗೆಯುತ್ತಾರೆ. ಆದ್ದರಿಂದ ವರ್ಗಾವಣೆ ಸುಧಾರಿಸದೆ ಕಿಟಕಿ ಸುಧಾರಿಸುವುದಿಲ್ಲ.

ಪ್ರಶ್ನೆ: ಕೆಪಿಎಸ್‌ಸಿ ಪರೀಕ್ಷೆಯಲ್ಲಿ ಕನ್ನಡದ ಪ್ರಶ್ನೆಗಳೇ ಅರ್ಥವಾಗುವುದಿಲ್ಲ. ಇದು ಸರಿಹೋಗದ ರೋಗವೇ? (ಸ್ಪರ್ಧಾರ್ಥಿ, ವಿಜಯಪುರ)

ಉತ್ತರ: ಸರಿಹೋಗುವ ರೋಗ. ಸರಿಪಡಿಸದೆ ಬಿಟ್ಟಿರುವುದು ಕನ್ನಡ ಮಾಧ್ಯಮದ ಮಕ್ಕಳಿಗೆ ಮಾಡುತ್ತಿರುವ ನೇರ ಅನ್ಯಾಯ. 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ನಡೆದ ಪೂರ್ವಭಾವಿ ಪರೀಕ್ಷೆಯಲ್ಲಿ ಅನುವಾದದ ತಪ್ಪುಗಳಿಂದಾಗಿ ಮರುಪರೀಕ್ಷೆಯೇ ಬೇಕಾಯಿತು. ಡಿಸೆಂಬರ್ 29ರ ಆ ಮರುಪರೀಕ್ಷೆಯಲ್ಲೂ ತಪ್ಪುಗಳು ಬಂದವು.

ಕಾರಣ ಪ್ರಶ್ನೆಪತ್ರಿಕೆ ಸಿದ್ಧವಾಗುವ ರೀತಿಯಲ್ಲಿದೆ. ಪ್ರಶ್ನೆ ಇಂಗ್ಲಿಷಿನಲ್ಲಿ ಹುಟ್ಟುತ್ತದೆ. ಗೋಪ್ಯತೆಯ ಕಾರಣಕ್ಕೆ ಬಹಳ ಕಡಿಮೆ ಜನ, ಬಹಳ ಕಡಿಮೆ ಸಮಯದಲ್ಲಿ ಅದನ್ನು ಕನ್ನಡಕ್ಕೆ ತರುತ್ತಾರೆ. ಅನುವಾದಕರಿಗೆ ವಿಷಯ ತಿಳಿದಿರುವುದಿಲ್ಲ, ವಿಷಯತಜ್ಞರಿಗೆ ಕನ್ನಡದ ಪಠ್ಯಪುಸ್ತಕದ ಪದ ತಿಳಿದಿರುವುದಿಲ್ಲ. 'ಸರಿಯಾದುದು ಯಾವುದು' ಎಂಬುದು 'ಸರಿಯಲ್ಲದ್ದು ಯಾವುದು' ಆದರೆ ಓದಿದವನೇ ಸೋಲುತ್ತಾನೆ. ಗೊಂದಲವಿದ್ದರೆ ಇಂಗ್ಲಿಷ್ ಆವೃತ್ತಿಯೇ ಅಂತಿಮ ಎಂಬ ಸೂಚನೆ ಗಾಯದ ಮೇಲೆ ಬರೆ.

ಆಗಬೇಕಾದದ್ದು: ಅರ್ಧದಷ್ಟು ಪ್ರಶ್ನೆಗಳನ್ನಾದರೂ ಕನ್ನಡದಲ್ಲೇ ರಚಿಸುವುದು. ಇಂಗ್ಲಿಷಿನಿಂದ ಬಂದವನ್ನು, ಮೂಲವನ್ನು ನೋಡಿರದ ಒಬ್ಬ ವಿಷಯ ಶಿಕ್ಷಕರಿಗೆ ಕನ್ನಡದಲ್ಲಿ ಮಾತ್ರ ಕೊಟ್ಟು ಉತ್ತರ ಬರೆಸುವುದು. ಅವರ ಉತ್ತರ ಮಾದರಿ ಉತ್ತರಕ್ಕೆ ಹೊಂದದ ಪ್ರಶ್ನೆಯನ್ನು ಕೈಬಿಡುವುದು. ಪಠ್ಯಪುಸ್ತಕಗಳಲ್ಲಿರುವ ಪಾರಿಭಾಷಿಕ ಪದಗಳ ಪಟ್ಟಿಯನ್ನೇ ಬಳಸುವುದು. ದೊಡ್ಡ ಪ್ರಶ್ನೆ ಬ್ಯಾಂಕ್ ಇದ್ದರೆ ಈ ತಪಾಸಣೆಯನ್ನು ವರ್ಷವಿಡೀ ನಿಧಾನವಾಗಿ ಮಾಡಬಹುದು, ಕೊನೆಯ ವಾರದ ಗಡಿಬಿಡಿ ಇರದು. ನೀವು ಮಾಡಬಹುದಾದದ್ದು: ಕೀ ಉತ್ತರ ಪ್ರಕಟವಾದಾಗ ಗಡುವಿನೊಳಗೆ, ಪ್ರಶ್ನೆವಾರು ಪ್ರತ್ಯೇಕವಾಗಿ, ಎರಡೂ ಭಾಷೆಯ ಪಾಠವನ್ನು ಪಕ್ಕಪಕ್ಕ ಬರೆದು, ಪಠ್ಯಪುಸ್ತಕದ ಪುಟ ಲಗತ್ತಿಸಿ ಆಕ್ಷೇಪಣೆ ಹಾಕಿ. ಒಟ್ಟಾರೆ ದೂರಿಗೆ ಬೆಲೆ ಸಿಗುವುದಿಲ್ಲ.

ಪ್ರಶ್ನೆ: ಮಾಹಿತಿ ಹಕ್ಕಿನಲ್ಲಿ ಕೇಳಿದರೆ 'ಲಭ್ಯವಿಲ್ಲ' ಎಂಬ ಒಂದೇ ಉತ್ತರ. (ನಿವೃತ್ತ ಶಿಕ್ಷಕ, ತಿಪಟೂರು)

ಉತ್ತರ: 'ಯಾಕೆ ಕೆಲಸ ಮಾಡಿಲ್ಲ?' ಎಂದು ಕೇಳಿದರೆ ಹಾಗೆ ಉತ್ತರಿಸಲು ಅವರಿಗೆ ದಾರಿಯಿದೆ. ಕಾಯ್ದೆಯಡಿ ಸಿಗುವುದು ದಾಖಲೆ, ವಿವರಣೆಯಲ್ಲ. 'ನನ್ನ ಇಂಥ ದಿನಾಂಕದ ಅರ್ಜಿಗೆ ಸಂಬಂಧಿಸಿದ ಕಡತದ ಟಿಪ್ಪಣಿ ಹಾಳೆ ಮತ್ತು ಪತ್ರವ್ಯವಹಾರದ ದೃಢೀಕೃತ ಪ್ರತಿ. ಆ ಕಡತದ ಚಲನವಲನದ ವಿವರ' ಎಂದು ಕೇಳಿ. ಯಾರ ಮೇಜಿನಲ್ಲಿ ಎಷ್ಟು ದಿನ ಇತ್ತೆಂಬುದು ತಾನಾಗಿ ಹೊರಬೀಳುತ್ತದೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ ಇದೆ. ಮೀರಿದರೆ ಅದನ್ನೇ ನೆಪ ಮಾಡುತ್ತಾರೆ. ಶುಲ್ಕ 10 ರೂಪಾಯಿ. 30 ದಿನದಲ್ಲಿ ಬರದಿದ್ದರೆ ಮಾಹಿತಿಯನ್ನು ಉಚಿತವಾಗಿ ಕೊಡಬೇಕು. ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲಿಂದ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. ಬೇರೆ ಕಚೇರಿಗೆ ಸೇರಿದ್ದಾದರೆ ನಿಮಗೆ ಹಿಂದಿರುಗಿಸುವಂತಿಲ್ಲ, 5 ದಿನದೊಳಗೆ ಅವರೇ ವರ್ಗಾಯಿಸಬೇಕು.

ಪ್ರಶ್ನೆ: ತಪ್ಪು ಮಾಡಿದ ನೌಕರ ಅಮಾನತಾಗಿ ಮೂರೇ ತಿಂಗಳಲ್ಲಿ ವಾಪಸ್ ಬರುತ್ತಾನೆ. ವಜಾ ಮಾಡಲು ಯಾಕೆ ಆಗುವುದಿಲ್ಲ? (ವ್ಯಾಪಾರಿ, ಕುಂದಾಪುರ)

ಉತ್ತರ: ಅಮಾನತು ಶಿಕ್ಷೆಯಲ್ಲ, ವಿಚಾರಣೆಗೆ ಅಡ್ಡಿಯಾಗದಂತೆ ದೂರ ಇಡುವ ಕ್ರಮ. ಮೂರು ತಿಂಗಳೊಳಗೆ ದೋಷಾರೋಪಣ ಪಟ್ಟಿ ಕೊಡದಿದ್ದರೆ ಅಮಾನತು ಮುಂದುವರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಪಟ್ಟಿ ಸಿದ್ಧಪಡಿಸದೆ ಕೂತವರಿಂದಾಗಿಯೇ ಎಷ್ಟೋ ಜನ ವಾಪಸ್ ಬರುತ್ತಾರೆ.

ವಜಾ ಮಾಡಲು ಸಂವಿಧಾನದ 311ನೇ ವಿಧಿಯಂತೆ ವಿಚಾರಣೆ ಬೇಕು. ಈ ರಕ್ಷಣೆ ಬೇಕೇ ಬೇಕು. ಇಲ್ಲದಿದ್ದರೆ ಮೊದಲು ಮನೆಗೆ ಹೋಗುವವರು ತಪ್ಪು ಆದೇಶಕ್ಕೆ ಸಹಿ ಹಾಕಲು ಒಪ್ಪದವರು. ಕೆಡುವುದು ವಿಚಾರಣೆ ನಡೆಸುವ ರೀತಿಯಲ್ಲಿ. ನೌಕರರ ಶಿಸ್ತುಕ್ರಮಕ್ಕೆ ಸಂಬಂಧಿಸಿದ 1957ರ ಸಿಸಿಎ ನಿಯಮಗಳ 11ನೇ ನಿಯಮದಂತೆ ಆರೋಪಗಳು, ಅವುಗಳ ವಿವರಣೆ, ದಾಖಲೆಗಳ ಪಟ್ಟಿ, ಸಾಕ್ಷಿಗಳ ಪಟ್ಟಿ ನಾಲ್ಕೂ ಕೊಡಬೇಕು. 'ಕರ್ತವ್ಯಲೋಪ ಎಸಗಿದ್ದಾರೆ' ಎಂದಷ್ಟೇ ಬರೆದ ಆರೋಪ ನ್ಯಾಯಮಂಡಳಿಯಲ್ಲಿ ನಿಲ್ಲುವುದಿಲ್ಲ. ಯಾವ ದಿನ, ಯಾವ ಬಿಲ್, ಎಷ್ಟು ಮೊತ್ತ, ಯಾವ ನಿಯಮದ ಉಲ್ಲಂಘನೆ ಎಂದಿರಬೇಕು. ವಿಚಾರಣಾಧಿಕಾರಿ ತನ್ನ ದಿನದ ಕೆಲಸದ ನಡುವೆ ಇದನ್ನು ಮಾಡುವವರು, ಇಲಾಖೆಯ ಪರ ಆರೋಪ ಮಂಡಿಸುವ ಮಂಡನಾಧಿಕಾರಿಗೆ ತರಬೇತಿ ಇರುವುದಿಲ್ಲ, ಇಬ್ಬರಲ್ಲಿ ಒಬ್ಬರು ವರ್ಗವಾದರೆ ಮತ್ತೆ ಮೊದಲಿನಿಂದ. ವಿಚಾರಣಾ ವರದಿಯ ಪ್ರತಿಯನ್ನು ನೌಕರನಿಗೆ ಕೊಟ್ಟು ಉತ್ತರ ಪಡೆಯದೆ ಶಿಕ್ಷೆ ಕೊಟ್ಟರೆ ಆ ಒಂದೇ ಕಾರಣಕ್ಕೆ ಆದೇಶ ಪ್ರಶ್ನೆಗೆ ಒಳಗಾಗುತ್ತದೆ. ಹೀಗೆ ಎಳೆದಾಡುತ್ತ ನಿವೃತ್ತಿ ಬಂದುಬಿಡುತ್ತದೆ. ನಿವೃತ್ತಿಯ ನಂತರ ನಾಲ್ಕು ವರ್ಷಕ್ಕಿಂತ ಹಳೆಯ ಘಟನೆಗೆ ಹೊಸದಾಗಿ ಇಲಾಖಾ ವಿಚಾರಣೆ ಆರಂಭಿಸಲು ಸೇವಾ ನಿಯಮ ಬಿಡುವುದಿಲ್ಲ.

ಪೂರ್ಣಾವಧಿ ವಿಚಾರಣಾಧಿಕಾರಿಗಳ ತಂಡವನ್ನು ಪ್ರತಿ ವಿಭಾಗಕ್ಕೂ ಕೊಟ್ಟು, ಪ್ರತಿ ಹಂತಕ್ಕೂ ಗಡುವು ಹಾಕಿ, ಬಾಕಿ ಪಟ್ಟಿಯನ್ನು ಪ್ರಕಟಿಸಿದರೆ ಕಾನೂನು ತಿದ್ದದೆಯೇ ಬಹುಪಾಲು ಸರಿಹೋಗುತ್ತದೆ.

ಪ್ರಶ್ನೆ: ಇಷ್ಟೊಂದು ಆಡಳಿತ ಸುಧಾರಣಾ ಆಯೋಗಗಳು ಬಂದವು. ವರದಿಗಳು ಎಲ್ಲಿ ಹೋಗುತ್ತವೆ? (ವಿದ್ಯಾರ್ಥಿನಿ, ಮೈಸೂರು)

ಉತ್ತರ: ದೇಶದ ಎರಡೂ ಆಯೋಗಗಳಿಗೆ ಕನ್ನಡಿಗರ ನಂಟಿದೆ. 1966ರ ಮೊದಲ ಆಯೋಗವನ್ನು ಮೊರಾರ್ಜಿ ದೇಸಾಯಿ ನಂತರ ಕೆಂಗಲ್ ಹನುಮಂತಯ್ಯ ಮುನ್ನಡೆಸಿದರು, 20 ವರದಿಗಳು. 2005ರ ಎರಡನೆಯದಕ್ಕೆ ವೀರಪ್ಪ ಮೊಯಿಲಿ ಅಧ್ಯಕ್ಷರು, 15 ವರದಿಗಳು. ರಾಜ್ಯದಲ್ಲಿ ಹಾರನಹಳ್ಳಿ ರಾಮಸ್ವಾಮಿ ಅವರ ಆಯೋಗ, 2021ರಿಂದ ಟಿ.ಎಂ. ವಿಜಯಭಾಸ್ಕರ್ ಅವರ ಆಯೋಗ ಕೆಲಸ ಮಾಡಿವೆ. ಒಂದು ಇಲಾಖೆಯ ಆದೇಶದಿಂದ ಮುಗಿಯುವ ಶಿಫಾರಸುಗಳು ಬೇಗ ಜಾರಿಯಾಗುತ್ತವೆ: ಅರ್ಜಿ ನಮೂನೆ ಸರಳ ಮಾಡುವುದು, ಪ್ರಮಾಣಪತ್ರ ಕಡಿಮೆ ಮಾಡುವುದು. ಇಲಾಖೆ ವಿಲೀನ, ಹುದ್ದೆ ರದ್ದು, ಅಧಿಕಾರ ಕೆಳಗಿಳಿಸುವುದು ಎಂದರೆ ಎರಡು ಇಲಾಖೆಗಳ ಒಪ್ಪಿಗೆ ಬೇಕು, ಅಲ್ಲಿ ನಿಲ್ಲುತ್ತವೆ. 1966ರಲ್ಲೇ ಶಿಫಾರಸಾದ ಲೋಕಪಾಲಕ್ಕೆ ಕಾಯ್ದೆ ಬಂದದ್ದು 2013ರ ಹೆಸರಿನಲ್ಲಿ, ಮೊದಲ ಲೋಕಪಾಲರ ನೇಮಕ 2019ರಲ್ಲಿ. ಪ್ರತಿ ಶಿಫಾರಸಿಗೂ ಒಪ್ಪಿದೆ ಅಥವಾ ಒಪ್ಪಿಲ್ಲ, ಕಾರಣ ಇದು ಎಂದು ಸದನದಲ್ಲಿ ಮಂಡಿಸುವ ಕಡ್ಡಾಯ ಇರಬೇಕು.

ಪ್ರಶ್ನೆ: ಹೊರಗಿನ ತಜ್ಞರನ್ನು ನೇರವಾಗಿ ಉನ್ನತ ಹುದ್ದೆಗೆ ತಂದರೆ ಆಡಳಿತ ಸುಧಾರಿಸುವುದೇ? (ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ಉತ್ತರ: ಕೆಲವು ತಾಂತ್ರಿಕ ಹುದ್ದೆಗಳಿಗೆ ಉಪಯೋಗವಾದೀತು. ಕೇಂದ್ರ 2018ರಲ್ಲಿ 10 ಜಂಟಿ ಕಾರ್ಯದರ್ಶಿ ಹುದ್ದೆಗಳಿಂದ ಆರಂಭಿಸಿತು. 2024ರ ಆಗಸ್ಟಿನಲ್ಲಿ ಹೊರಟ 45 ಹುದ್ದೆಗಳ ಪ್ರಕಟಣೆಯನ್ನು ಮೀಸಲಾತಿ ಇಲ್ಲವೆಂಬ ವಿರೋಧದ ನಂತರ ಹಿಂಪಡೆಯಲಾಯಿತು. ನಿಮ್ಮ ಪಹಣಿ, ಖಾತೆ, ಪಿಂಚಣಿ ತೀರ್ಮಾನವಾಗುವುದು ಮಾತ್ರ ತಹಶೀಲ್ದಾರ್ ಮಟ್ಟದಲ್ಲಿ. ಅಲ್ಲಿ ಖಾಲಿ ಹುದ್ದೆ ತುಂಬುವುದಕ್ಕೆ ನಮ್ಮ ಮೊದಲ ಮತ.

ಪ್ರಶ್ನೆ: ಲಂಚ ಕೇಳಿದರು. ಕೊಟ್ಟರೆ ನನ್ನ ಮೇಲೂ ಕೇಸು ಎನ್ನುತ್ತಾರೆ. ಏನು ಮಾಡಲಿ? (ಗುತ್ತಿಗೆದಾರ, ಉತ್ತರ ಕರ್ನಾಟಕ)

ಉತ್ತರ: ಭ್ರಷ್ಟಾಚಾರ ತಡೆ ಕಾಯ್ದೆಗೆ ಬಂದ 2018ರ ತಿದ್ದುಪಡಿಯ ನಂತರ ಕೊಡುವುದೂ ಅಪರಾಧ. ಒತ್ತಾಯಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದವರಿಗೆ ರಕ್ಷಣೆಯಿದೆ. ಕೊಡುವ ಮುನ್ನವೇ ತಿಳಿಸಿ ಅವರ ಸೂಚನೆಯಂತೆ ಕೊಟ್ಟರೆ ಅಪರಾಧವಾಗದು. ಭ್ರಷ್ಟಾಚಾರ ನಿಗ್ರಹ ದಳವನ್ನು (ಎಸಿಬಿ) ಹೈಕೋರ್ಟ್ 2022ರ ಆಗಸ್ಟಿನಲ್ಲಿ ರದ್ದು ಮಾಡಿದ್ದರಿಂದ ಈಗ ಹೋಗಬೇಕಾದದ್ದು ಜಿಲ್ಲೆಯ ಲೋಕಾಯುಕ್ತ ಪೊಲೀಸರ ಬಳಿ.

ಲಿಖಿತ ದೂರು ಕೊಡಿ: ಯಾವ ಕೆಲಸ, ಯಾವ ದಿನ, ಯಾವ ಮಾತಿನಲ್ಲಿ, ಎಷ್ಟು ಕೇಳಿದರು. ಕೆಲಸ ಬಾಕಿ ಇದೆ ಎಂಬ ದಾಖಲೆ ಜೊತೆಗಿರಲಿ. ಫೋನಿನಲ್ಲಿ ಧ್ವನಿ ಇದ್ದರೆ ಅದೇ ಫೋನನ್ನು ಹಾಗೇ ಇಟ್ಟುಕೊಳ್ಳಿ. ಬೇರೆಡೆಗೆ ನಕಲಿಸಿ ಮೂಲ ಅಳಿಸಿದರೆ ಸಾಕ್ಷ್ಯ ಸಡಿಲವಾಗುತ್ತದೆ. ಪ್ರಕರಣ ದಾಖಲಾದ ಮೇಲೆ ಪಂಚರ ಎದುರು ನೋಟಿನ ಸಂಖ್ಯೆ ಬರೆದು, ಫಿನಾಫ್ತಲೀನ್ ಪುಡಿ ಸವರಿ ಕೊಡುತ್ತಾರೆ. ನೋಟು ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ತೊಳೆಸಿದಾಗ ಅದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ.

ಬಣ್ಣ ಬಂದಷ್ಟಕ್ಕೇ ಶಿಕ್ಷೆಯಾಗುವುದಿಲ್ಲ. ಆತ ಹಣ ಕೇಳಿದ್ದೂ ಸಾಬೀತಾಗಬೇಕು, ಪ್ರಕರಣಗಳು ಬೀಳುವುದು ಹೆಚ್ಚಾಗಿ ಇಲ್ಲೇ. ಆದ್ದರಿಂದ ಹಣ ಕೊಡುವಾಗ ನೀವಾಗಿ 'ತಗೊಳ್ಳಿ ಸಾರ್' ಎನ್ನಬೇಡಿ. ಆತನೇ ಕೇಳುವವರೆಗೆ ಕಾಯಿರಿ, ಜೊತೆಗಿರುವ ಸಾಕ್ಷಿಗೆ ಆ ಮಾತು ಕೇಳುವಷ್ಟು ಹತ್ತಿರ ಇರಿ. ದೂರುದಾರ ಮುಂದೆ ತಿರುಗಿಬಿದ್ದರೂ ಸಂದರ್ಭಸಾಕ್ಷ್ಯದಿಂದ ಬೇಡಿಕೆಯನ್ನು ಸಾಬೀತುಪಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2022ರ ಡಿಸೆಂಬರಿನಲ್ಲಿ ಹೇಳಿದೆ. ಹಾಗಿದ್ದರೂ ನ್ಯಾಯಾಲಯದಲ್ಲಿ ನೀವು ಹೇಳುವ ಮಾತು ಮೊದಲ ದೂರಿಗೆ ಹೊಂದಬೇಕು. ದೂರಿನ ಪ್ರತಿಯನ್ನು ಜೋಪಾನವಾಗಿಟ್ಟು, ಸಾಕ್ಷಿ ನುಡಿಯುವ ಮುನ್ನ ಒಮ್ಮೆ ಓದಿಕೊಂಡು ಹೋಗಿ.